ಆರನೆಯ ಬಿಂದಿಗೆ

ಶಿರಾದಲ್ಲಿ ನಾನಿದ್ದ ವಠಾರದಲ್ಲಿ ಆರು ಮನೆ, ಒಂದೇ ನಲ್ಲಿ. ಬೆಳಗಾಗುತ್ತಲೇ ಪ್ರತಿ ಮನೆಯವರೂ ಒಂದು ಖಾಲಿ ಬಿಂದಿಗೆ ತಂದು ನಲ್ಲಿಯ ಮುಂದೆ ಸಾಲಿಗೆ ಇಡಬೇಕು. ಯಾರದಾದರೂ ಬಿಂದಿಗೆ ಬರಲಿಲ್ಲವೆಂದರೆ ಉಳಿದವರು ಹೋಗಿ ಆ ಮನೆಯ ಬಾಗಿಲು ಬಡಿಯಬೇಕು. ಹೀಗೆಂದು ಯಾರೂ ಬರೆದಿಟ್ಟಿರಲಿಲ್ಲ, ಆದರೆ ತಪ್ಪಿದ್ದೂ ಇಲ್ಲ. ಆರನೆಯ ಬಿಂದಿಗೆ ನನ್ನದು, ಒಂದು ಪಕ್ಕ ನೆಗ್ಗಿದ್ದು.

ನಾನು ಹೈಸ್ಕೂಲು ಮೇಷ್ಟ್ರು. ಮದುವೆಯಾಗಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಾನು ಒಗ್ಗರಣೆ ಹಾಕಿದರೆ ಮೂರನೆಯ ಮನೆಯಿಂದ "ಮೇಷ್ಟ್ರುದು ಇವತ್ತೂ ಉಪ್ಪಿಟ್ಟೇ ಕಣಮ್ಮ" ಎಂದು ಕೇಳಿಸುತ್ತಿತ್ತು. ಮೈಯೆಲ್ಲ ಉರಿಯುತ್ತಿತ್ತು.

ಒಂದು ಭಾನುವಾರ ಬಿಸಿಲೇರುವವರೆಗೆ ಮಲಗಿಬಿಟ್ಟಿದ್ದೆ. ಬಾಗಿಲು ಮುರಿಯುವ ಹಾಗೆ ಬಡಿತ. ತೆಗೆದರೆ ಎದುರು ಮನೆಯ ಹೆಂಗಸು. ಅವರ ಯಜಮಾನರು ಹಾಸಿಗೆ ಹೊಲಿಯುವವರು. ವಠಾರಕ್ಕೆಲ್ಲ ಆಕೆ ಖಾಲಾ, ಅಂದರೆ ಚಿಕ್ಕಮ್ಮ; ನನಗೂ.

"ಮೇಷ್ಟ್ರೇ, ನಿಮ್ ಬಿಂದ್ಗೆ ಎಲ್ಲಿ?"

"ನಾನು ಸತ್ತಿದ್ದೀನಾ ಅಂತ ನೋಡೋಕೆ ಬಂದ್ರಾ?" ಎಂದು ಹರಿಹಾಯ್ದೆ.

"ಹೌದು, ಅದುಕ್ಕೇ ಬಂದೆ. ಬದ್ಕಿದೀರಲ್ಲ, ಬಿಂದ್ಗೆ ಕೊಡಿ."

ಪಾವಗಡಕ್ಕೆ ವರ್ಗವಾದಾಗ ಪೀಡೆ ತೊಲಗಿತೆಂದು ಖುಷಿಪಟ್ಟೆ. ಊರಾಚೆಯ ಹೊಸ ಬಡಾವಣೆಯಲ್ಲಿ ಒಂಟಿ ಮನೆ ಹಿಡಿದೆ. ನನ್ನದೇ ಗೇಟು, ನನ್ನದೇ ಟ್ಯಾಂಕು, ಅಡುಗೆಮನೆಯೊಳಗೇ ನಲ್ಲಿ. ಪಕ್ಕದ ಮನೆಯವರು ಸೋಲಾರ್ ಪಾರ್ಕಿನಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆ ಬೀಗ ಹಾಕಿಕೊಂಡು ಹೋದರೆ ಸಂಜೆಗೇ ಬರುವುದು. ನನ್ನ ಉಪ್ಪಿಟ್ಟಿನ ಬಗ್ಗೆ ಯಾರೂ ಚಕಾರವೆತ್ತಲಿಲ್ಲ.

ದಸರಾ ರಜೆಯಲ್ಲಿ ಜ್ವರ ಬಂತು. ಶಾಲೆಯಿಲ್ಲದ್ದರಿಂದ ಅಲ್ಲಿಯೂ ಕೇಳುವವರಿರಲಿಲ್ಲ. ಮೂರು ದಿನ ಮಂಚ ಬಿಟ್ಟು ಏಳಲಾಗಲಿಲ್ಲ. ಫೋನು ತಲೆದಿಂಬಿನ ಪಕ್ಕದಲ್ಲೇ ಇತ್ತು, ಆದರೆ ಯಾರಿಗೆ ಮಾಡಲಿ, ಏನೆಂದು ಹೇಳಲಿ? ಗೇಟಿನ ಸದ್ದಿಗಾಗಿ ಕಿವಿ ಕೊಟ್ಟು ಮಲಗಿದ್ದೆ. ನಿಜ ಹೇಳುತ್ತೇನೆ, ಹೆದರಿದ್ದೆ. ಜ್ವರಕ್ಕಲ್ಲ. ಇಲ್ಲೇ ಪ್ರಾಣ ಹೋದರೂ ರಜೆ ಮುಗಿಯುವವರೆಗೆ ಯಾರಿಗೂ ತಿಳಿಯುವುದಿಲ್ಲವಲ್ಲ ಎಂದು.

ನಾಲ್ಕನೆಯ ದಿನ ಜ್ವರ ತಾನಾಗಿಯೇ ಇಳಿಯಿತು. ಕಾಲಿಗೆ ಶಕ್ತಿ ಬಂದ ಕೂಡಲೇ ಶಿರಾ ಬಸ್ಸು ಹತ್ತಿದೆ. ವಠಾರದಲ್ಲಿ ನನ್ನ ಮನೆಗೆ ಬೇರೆಯವರು ಬಂದಿದ್ದರು. ಸಾಲಿನಲ್ಲಿ ಆರನೆಯದಾಗಿ ಹಸಿರು ಪ್ಲಾಸ್ಟಿಕ್ ಬಿಂದಿಗೆಯೊಂದು ಕೂತಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಜಾತಿಯವನು ನಾನು. ಆ ಬಿಂದಿಗೆ ನೋಡಿ ಹೊಟ್ಟೆಕಿಚ್ಚಾಯಿತು.

ಖಾಲಾ ಚಹಾ ಕೊಟ್ಟರು. "ಯಾಕೆ ಮೇಷ್ಟ್ರೇ, ಇಂಗೆ ಸೊರಗೋಗಿದೀರ?" ಎಂದರು. ಹೇಳಿದೆ. ಅಯ್ಯೋ ಪಾಪ ಅನ್ನುತ್ತಾರೆಂದುಕೊಂಡಿದ್ದೆ, ಅವರಿಗೆ ಸಿಟ್ಟೇ ಬಂತು.

"ಮೂರ್ ದಿನ ಬಿಂದ್ಗೆ ಆಚೆ ಬರ್ಲಿಲ್ಲ, ಒಬ್ರೂ ಬಂದು ಕೇಳ್ಲಿಲ್ವಾ?"

"ಅಲ್ಲಿ ಯಾರೂ ಬಿಂದಿಗೆ ಆಚೆ ಇಡೋದಿಲ್ಲ ಖಾಲಾ."

ಖಾಲಾ ನನ್ನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದರು.

ಪಾವಗಡಕ್ಕೆ ಹಿಂತಿರುಗಿದ ಮರುದಿನ ಬೆಳಿಗ್ಗೆ, ಹುಚ್ಚೋ ಏನೋ, ನನ್ನ ನೆಗ್ಗಿದ ಬಿಂದಿಗೆಯನ್ನು ಗೇಟಿನ ಆಚೆ ಇಟ್ಟುಬಂದೆ. ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ಆ ಮನೆಯಲ್ಲಿ ಅದೇ ಮೊದಲು. ಕೆಲಸಕ್ಕೆ ಹೊರಟಿದ್ದ ಪಕ್ಕದ ಮನೆಯಾತ ಬಿಂದಿಗೆ ಹಿಡಿದು ನಿಂತಿದ್ದ.

"ಸಾರ್, ಆಚೇನೇ ಮರ್ತ್‌ಬುಟ್ಟಿದೀರ. ಯಾರಾನಾ ಎತ್ಕೊಂಡೋಗ್ತಾರೆ, ಒಳಗಿಟ್ಕಳಿ."

ಒಳಗಿಟ್ಟುಕೊಂಡೆ. ಮರುದಿನ ಬೆಳಿಗ್ಗೆ ಮತ್ತೆ ಆಚೆ ಇಟ್ಟೆ.