ಮೂರು ದಾರಿಯಲ್ಲಿ ಸಿಕ್ಕ ಮಡಕೆ ಚೂರು

ಕನ್ನಡದ ಊರಿನಿಂದ ಕನ್ನಡದ ಊರಿಗೇ ಬಂದಿದ್ದೆವು. ಆದರೂ ಮೊದಲನೆಯ ದಿನ ಡೇರಿಯ ಮುಂದೆ ನಿಂತು, "ಹಾಲು ಎಷ್ಟೊತ್ತಿಗಿ ಬರ್ತಾವ್ರಿ?" ಎಂದು ನಾನು ಕೇಳಿದಾಗ ಡೇರಿಯಾತ ನನ್ನ ಮುಖವನ್ನೇ ನೋಡಿ, "ಅಮ್ಮಾ, ಕನ್ನಡ ಬರಲ್ವಾ?" ಎಂದ. ಕ್ಯಾನು ಹಿಡಿದು ನಿಂತವರೆಲ್ಲ ನಕ್ಕರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾನೂ ಅವರ ಜೊತೆ ನಕ್ಕೆ. ಮನೆಗೆ ಬಂದು ಹಾಲು ಕಾಯಲು ಇಟ್ಟಾಗ ಮಾತ್ರ ಅಳು ತಡೆಯಲಾಗಲಿಲ್ಲ.

ವಿಜಯಪುರದ ನನ್ನ ಮಂದಿಗೆ ಹೊಸ ಅಗ್ರಹಾರ ಎಲ್ಲಿದೆ ಎಂದು ಹೇಳಬೇಕು. ಮೈಸೂರು ಜಿಲ್ಲೆಯ ಕೆ.ಆರ್. ನಗರ ತಾಲ್ಲೂಕಿನ ಹೋಬಳಿ ಊರು ಇದು. ನನ್ನ ಯಜಮಾನರು ಗುರುಪಾದ ಅವರಿಗೆ ನಾಲೆ ದುರಸ್ತಿಯ ಕಂಟ್ರಾಕ್ಟರರ ಹತ್ತಿರ ಮೂರು ವರ್ಷದ ಕೆಲಸ ಸಿಕ್ಕಿದ್ದರಿಂದ, ಹತ್ತು ವರ್ಷದ ಮಗಳು ಶಿವಲೀಲಾಳನ್ನು ಕರೆದುಕೊಂಡು ಆಗಸ್ಟಿನಲ್ಲಿ ಇಲ್ಲಿಗೆ ಬಂದೆವು. ನಮ್ಮಲ್ಲಿ ಅಕ್ಕಿ ತೊಳೆದ ನೀರನ್ನೂ ಗಿಡಕ್ಕೆ ಹಾಕುತ್ತೇವೆ. ಇಲ್ಲಿ ಓಣಿಯ ಹಿಂದೆಯೇ ನಾಲೆ ತುಂಬಿ ಹರಿಯುತ್ತದೆ, ಯಾರೂ ಅದನ್ನು ತಿರುಗಿಯೂ ನೋಡುವುದಿಲ್ಲ. ಮೊದಲ ವಾರವೆಲ್ಲ ನಾನು ಏರಿಯ ಮೇಲೆ ನಿಂತು ನೀರು ನೋಡುತ್ತಿದ್ದೆ, ಊರವರು ನನ್ನನ್ನು ನೋಡುತ್ತಿದ್ದರು.

ಮನೆಯ ಒಡತಿ ಪುಟ್ಟತಾಯಮ್ಮ ಪಕ್ಕದ ಭಾಗದಲ್ಲೇ ಇರುವವರು, ಅರವತ್ತು ದಾಟಿದ ಗಟ್ಟಿ ಹೆಂಗಸು. ಮೊದಲ ಸಲ ಮುದ್ದೆ ಉಪ್ಸಾರು ಬಡಿಸಿ, ನಾನು ಅಗಿಯುವುದನ್ನು ಕಂಡು ಹಣೆ ಚಚ್ಚಿಕೊಂಡರು. "ಅಗೀಬಾರ್ದು ಕಣವ್ವ, ನುಂಗ್‌ಬೇಕು! ಹಲ್ಲಿಗ್ ಯಾಕ್ ಕೆಲ್ಸ ಕೊಟ್ಟೀಯೆ?" ಎಂದರು. ನಾನು ಕೊಟ್ಟ ಶೇಂಗಾ ಹಿಂಡಿಯನ್ನು, ಇಲ್ಲಿಯವರ ಬಾಯಲ್ಲಿ ಚಟ್ನಿಪುಡಿಯನ್ನು, ಅವರು ಮೊದಲು ಮೂಸಿ ನೋಡಿದರು. ತಿಂಗಳು ಕಳೆಯುವುದರೊಳಗೆ ಡಬ್ಬಿ ಹಿಡಿದು ತಾವೇ ಬರತೊಡಗಿದರು. ಪರಸ್ಥಳದಲ್ಲಿ ಇಂಥವನ್ನೇ ಗೆಲುವು ಎಂದುಕೊಳ್ಳಬೇಕು.

ಲೀಲಾಳಿಗೆ ಅಂಥ ಗೆಲುವು ಒಂದೂ ಸಿಗಲಿಲ್ಲ. ನಮ್ಮ ಕಡೆ ಶಾಲೆಯ ಮೇಡಂಗೆ ಅಕ್ಕೋರು ಎನ್ನುತ್ತೇವೆ. ಇಲ್ಲಿಯ ಶಾಲೆಯಲ್ಲಿ ಎರಡನೆಯ ದಿನ ಎದ್ದು ನಿಂತು, "ಅಕ್ಕೋರ, ನನಗ ತಿಳೀಲಿಲ್ರಿ" ಎಂದಳಂತೆ. ತರಗತಿಗೆ ತರಗತಿಯೇ ನಕ್ಕಿತಂತೆ. ಅಂದಿನಿಂದ ಅವಳ ಹೆಸರೇ ಅಕ್ಕೋರು ಆಯಿತು. ಅವಳು ಬಾಯಿ ತೆರೆದರೆ ಸಾಕು, ಯಾರಾದರೊಬ್ಬರು ಅದೇ ರಾಗದಲ್ಲಿ ಆಡಿ ತೋರಿಸುತ್ತಿದ್ದರು. ಮೊದಲು ತರಗತಿಯಲ್ಲಿ ಮಾತು ಬಿಟ್ಟಳು, ಆಮೇಲೆ ಓಣಿಯಲ್ಲಿ, ಕೊನೆಗೆ ಅಂಗಡಿಯಲ್ಲಿ ಬೆರಳು ತೋರಿಸಿ ಬಿಸ್ಕೀಟು ತೆಗೆದುಕೊಳ್ಳುವ ಹಾಗಾದಳು. ದಿನಾ ಬೆಳಿಗ್ಗೆ ಹೊಟ್ಟೆನೋವು. ನವೆಂಬರಿನಲ್ಲಿ ನಾನು ಅವಳನ್ನು ಶಾಲೆ ಬಿಡಿಸಿದೆ. ಮನೆಯಲ್ಲೇ ಕಲಿಸುತ್ತೇನೆ ಎಂದೆ. ವಿಜಯಪುರದ ಹೈಸ್ಕೂಲಿನಲ್ಲಿ ಹತ್ತು ವರ್ಷ ಇತಿಹಾಸ ಹೇಳಿದವಳಿಗೆ ಅಷ್ಟು ಧೈರ್ಯವಿತ್ತು.

ಯಜಮಾನರಿಗೆ ಇರಲಿಲ್ಲ. ಒಂದು ದಿನ ಊಟಕ್ಕೆ ಕುಳಿತಾಗ, "ಯುಗಾದಿತನ ನೋಡೂಣು. ಹುಡುಗಿ ಹಿಂಗ ಮೂಕಿ ಆದ್ರ ಅವ್ವನ ಹತ್ರ ಬಿಟ್ಟು ಬರೂಣು" ಎಂದರು. ಅವ್ವ ಎಂದರೆ ವಿಜಯಪುರದಲ್ಲಿರುವ ನಮ್ಮತ್ತೆ. ಹತ್ತು ವರ್ಷದ ಮಗಳು ಒಂದು ಕಡೆ, ನಾನು ಒಂದು ಕಡೆ. ಅವರು ಸಿಟ್ಟಿನಿಂದ ಹೇಳಿದ್ದಲ್ಲ, ಆದ್ದರಿಂದಲೇ ನನಗೆ ಹೆಚ್ಚು ಭಯವಾಯಿತು. ಲೀಲಾ ತಟ್ಟೆ ನೋಡುತ್ತ ರೊಟ್ಟಿ ಮುರಿಯುತ್ತಿದ್ದಳು. ಅವಳು ಕೇಳಿಸಿಕೊಂಡಿರಲಿಕ್ಕಿಲ್ಲ ಎಂದುಕೊಂಡೆ. ಮಕ್ಕಳು ಕೇಳಿಸಿಕೊಂಡಿಲ್ಲ ಎಂದು ನಂಬುವುದು ದೊಡ್ಡವರಿಗೆ ಬಹಳ ಸುಲಭ.

ಸಂಕ್ರಾಂತಿ ಕಳೆದ ಮೇಲೆ ಪ್ರಾಚೀನ ಗ್ರೀಕರ ಪಾಠ ಹಾಕಿಕೊಂಡೆ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಆರು ವಾರದ ಯೋಜನೆ ಬರೆದೆ: ಅವರ ಸಮುದ್ರ, ಅವರ ಅಡುಗೆಮನೆ, ನಾಟಕ, ಅವರ ಊರಾಡಳಿತ, ಮಡಕೆಗಳು, ಆಟೋಟ. ಗ್ರೀಕರೇ ಏಕೆ ಎಂದು ಯಜಮಾನರು ಕೇಳಿದರು. ಪಠ್ಯದಲ್ಲಿದೆ ಎಂದು ಹೇಳಿದೆ. ನಿಜವಾದ ಕಾರಣ ಬೇರೆ. ಪುಟ್ಟತಾಯಮ್ಮನವರ ಮೊಮ್ಮಗಳು ಪವಿತ್ರ, ಸೈಕಲ್ ಶಾಪಿನ ರಹಮತ್ ಅವರ ಮಗಳು ಆಯಿಶಾ, ಇಬ್ಬರನ್ನೂ ಶಾಲೆ ಬಿಟ್ಟ ಮೇಲೆ ಸಂಜೆ ಪಾಠಕ್ಕೆ ಕರೆದಿದ್ದೆ. ಗ್ರೀಸ್ ಆ ಮೂವರಿಗೂ ಒಂದೇ ಸಮ ಪರದೇಶ. ಅಲ್ಲಿ ಯಾರೂ ಯಾರ ಮಾತಿಗೂ ನಗುವಂತಿಲ್ಲ.

ಸಮುದ್ರವನ್ನು ಮೂವರಲ್ಲಿ ಒಬ್ಬರೂ ಕಂಡಿರಲಿಲ್ಲ. ಬಟ್ಟೆ ಒಗೆಯುವ ದೊಡ್ಡ ಟಬ್ಬಿಗೆ ನೀರು ತುಂಬಿ, ಕಲ್ಲುಗಳನ್ನಿಟ್ಟು ದ್ವೀಪ ಮಾಡಿದೆವು. ಆಲಿವ್ ಕಾಯಿ ಹೇಗಿರುತ್ತದೆ ಎಂದಿದ್ದಕ್ಕೆ ನೇರಳೆಹಣ್ಣಿನಷ್ಟು ಎಂದೆ. "ಹಂಗಾರೆ ತಿಂದ್ರೆ ನಾಲಿಗೆ ನೀಲಿ ಆಯ್ತದಾ ಮಿಸ್?" ಎಂದು ಆಯಿಶಾ ಕೇಳಿದಳು. ಬಾರ್ಲಿ ರೊಟ್ಟಿಯ ಬದಲು ರಾಗಿ ರೊಟ್ಟಿ ತಟ್ಟಿದೆವು. ಮಹಡಿ ಮೆಟ್ಟಿಲಿನ ಮೇಲೆ ಪ್ರೇಕ್ಷಕರು, ಕೆಳಗಿನ ಅಂಗಳದಲ್ಲಿ ನಾಟಕ. ಲೀಲಾ ಎಲ್ಲವನ್ನೂ ಮಾಡುತ್ತಿದ್ದಳು. ಕಲ್ಲು ಇಡುತ್ತಿದ್ದಳು, ಚಿತ್ರ ಬರೆಯುತ್ತಿದ್ದಳು, ನಾಟಕದಲ್ಲಿ ಮರವಾಗಿ ನಿಲ್ಲುತ್ತಿದ್ದಳು. ಮಾತು ಮಾತ್ರ ಇಲ್ಲ.

ನಾಲ್ಕನೆಯ ವಾರ ಊರಾಡಳಿತದ ಪಾಠ. ಅಥೆನ್ಸ್ ನಗರದಲ್ಲಿ ಯಾರಾದರೂ ಊರಿಗೆ ಅಪಾಯ ಎನ್ನಿಸಿದರೆ ಜನರೆಲ್ಲ ಸೇರಿ ಒಡೆದ ಮಡಕೆಯ ಚೂರಿನ ಮೇಲೆ ಆತನ ಹೆಸರು ಗೀಚಿ ಹಾಕುತ್ತಿದ್ದರು. ಆ ಚೂರಿಗೆ ಓಸ್ಟ್ರಕಾನ್ ಎಂದು ಹೆಸರು. ಹೆಚ್ಚು ಚೂರು ಯಾರ ಹೆಸರಿಗೆ ಬಂತೋ ಆತ ಹತ್ತು ವರ್ಷ ಊರು ಬಿಡಬೇಕು. ನಾನು ಇದನ್ನು ಹೇಳಿ ಮುಗಿಸಿದಾಗ ಲೀಲಾ ತಲೆಯೆತ್ತಿದಳು. ಪವಿತ್ರ, ಆಯಿಶಾ ಇಬ್ಬರ ಮುಂದೆಯೇ, ಎಷ್ಟೋ ವಾರಗಳ ಮೇಲೆ ಮೊದಲ ಸಲ, ಪ್ರಶ್ನೆ ಕೇಳಿದಳು.

"ಹತ್ತು ವರ್ಷ ಆದ ಮ್ಯಾಲ ಅವ್ರ ಮನಿ ಅವ್ರಿಗೇ ಇರ್ತೈತೇನು?"

"ಇರ್ತೈತಿ. ಮನಿ, ಹೊಲ ಯಾರೂ ಮುಟ್ಟಂಗಿಲ್ಲ. ತಿರುಗಿ ಬಂದ್ರ ಎಲ್ಲಾ ಅವರದ" ಎಂದೆ. ಅವಳು ಬಾಯಿ ಬಿಟ್ಟಳಲ್ಲ ಎಂಬ ಸಂತೋಷಕ್ಕೆ ನಾನು ಪ್ರಶ್ನೆಯನ್ನೇ ಕೇಳಿಸಿಕೊಳ್ಳಲಿಲ್ಲ. ಇತಿಹಾಸದ ಟೀಚರ್ ಎಂದು ಬೀಗುವವಳು ಎದುರಿಗೆ ಕುಳಿತ ಮಗುವಿನ ಒಂದು ಸಾಲು ಓದಲಾರದೆ ಹೋದೆ.

ಹಿತ್ತಲಲ್ಲಿ ಸೀಳು ಬಿಟ್ಟಿದ್ದ ಪುಟ್ಟತಾಯಮ್ಮನವರ ಹಳೆಯ ಮಡಕೆಯನ್ನು ಒಡೆದೆವು. ಮನುಷ್ಯರ ಹೆಸರು ಬೇಡ, ಊರಿನಿಂದ ಯಾವುದು ಹೋಗಬೇಕೋ ಅದನ್ನು ಬರೆಯಿರಿ ಎಂದು ಹೇಳಿ ಒಬ್ಬೊಬ್ಬರಿಗೆ ಒಂದೊಂದು ಮೊಳೆ ಕೊಟ್ಟೆ. ಸೊಳ್ಳೆ ಎಂದು ಪವಿತ್ರ ಬರೆದಳು. ಹೋಮ್‌ವರ್ಕ್ ಎಂದು ಆಯಿಶಾ. ಲೀಲಾಳ ಚೂರು ನೋಡುವಷ್ಟರಲ್ಲಿ ಕುಕ್ಕರ್ ಕೂಗಿತು, ಒಳಗೆ ಹೋದೆ. ನಾನು ಹೊರಗೆ ಬರುವ ಹೊತ್ತಿಗೆ ಮಕ್ಕಳು ಚೂರುಗಳ ಸಮೇತ ಆಟಕ್ಕೆ ಓಡಿದ್ದರು.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಅಂಗಳದಲ್ಲಿ ಓಣಿಯ ಏಳೆಂಟು ಹೆಂಗಸರು. ಪುಟ್ಟತಾಯಮ್ಮ ಎಲ್ಲರಿಗಿಂತ ಮುಂದೆ ನಿಂತಿದ್ದರು.

"ಯಾರಿಗ್ ಏನ್ ಅನ್ಯಾಯ ಮಾಡಿದ್ರವ್ವ ನೀವು?" ಎಂದು ನನ್ನ ಕೈ ಹಿಡಿದುಕೊಂಡರು. "ಮೂರ್ ದಾರಿ ಕೂಡೋ ತಾವ ಮಡಿಕೆ ಚೂರು ಇಕ್ಕವ್ರೆ. ಅರಿಶಿನ, ಕುಂಕುಮ, ನಿಂಬೆಣ್ಣು. ನಿನ್ ಮಗಳ ಎಸ್ರು ಕೆತ್ತವ್ರೆ ಕಣವ್ವ. ಮಾಟ ಕಣವ್ವ ಇದು! ಕೂಸು ಮಾತ್ ಬುಟ್ಟಿದ್ದು ಸುಮ್‌ಸುಮ್ನೆ ಅಲ್ಲ."

ನಾನು ಮಾಟಕ್ಕೆ ಹೆದರಲಿಲ್ಲ. ಲೀಲಾಳ ಹೆಸರು ಎಂದಾಗ ನಿನ್ನೆಯ ಪ್ರಶ್ನೆ ಈಗ ಬಂದು ನನಗೆ ಮುಟ್ಟಿತು. ಹೋಗಬೇಕಾದ್ದನ್ನು ಬರೆ ಎಂದು ನಾನೇ ಹೇಳಿದ್ದೆ. ಅವಳು ತನ್ನನ್ನೇ ಬರೆದುಕೊಂಡಿದ್ದಳು.

"ಮಾಟ ಅಲ್ರೀ ಅಮ್ಮಾರ, ಅದು ಪಾಠ" ಎಂದೆ. ಆದರೆ ಅರಿಶಿನ ಕುಂಕುಮ ಎಲ್ಲಿಂದ ಬಂತು? ನನ್ನ ನೋಟ್‌ಬುಕ್ಕಿನಲ್ಲಿ ಅದು ಇರಲಿಲ್ಲ. ಅಷ್ಟರಲ್ಲಿ ಹಿಂದೆ ನಿಂತಿದ್ದ ಪವಿತ್ರ ಬಿಕ್ಕತೊಡಗಿದಳು. "ನಾನೇ ಇಕ್ದೆ ಅಜ್ಜಿ. ಅಮ್ಮನ್ನ ಓಡಿಸೋವಾಗ ನೀನ್ ಅಂಗೇ ಮಾಡಿಲ್ವಾ? ಊರಾಚೆ ಕಳ್ಸೋದ್ನ ಅಂಗೇ ಅಲ್ವಾ ಕಳ್ಸೋದು?"

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕು. ಇಲ್ಲಿ ಮಕ್ಕಳಿಗೆ ಸೀತಾಳೆ ಸಿಡುಬು ಎದ್ದರೆ ಅಮ್ಮ ಬಂದಳು ಎನ್ನುತ್ತಾರೆ. ವಾಸಿಯಾದ ಮೇಲೆ ಪೂಜೆ ಮಾಡಿ, ಅರಿಶಿನ ಕುಂಕುಮ ಹಚ್ಚಿದ ಮಡಕೆಯನ್ನು ಮೂರು ದಾರಿಯಲ್ಲಿಟ್ಟು ಆಕೆಯನ್ನು ಊರಾಚೆ ಕಳಿಸುತ್ತಾರೆ. ಪವಿತ್ರ ಅದನ್ನು ತನ್ನ ಮನೆಯಲ್ಲೇ ಕಂಡಿದ್ದಳು. ಅಥೆನ್ಸಿನವರು ಚೂರುಗಳನ್ನು ಏನು ಮಾಡಿದರೆಂದು ನಾನು ಹೇಳಿರಲಿಲ್ಲ. ಅವಳು ತನಗೆ ಗೊತ್ತಿದ್ದ ಮರ್ಯಾದೆಯಿಂದಲೇ ಸೊಳ್ಳೆಯನ್ನೂ ಹೋಮ್‌ವರ್ಕನ್ನೂ, ಮುಚ್ಚಿದ ಮುಷ್ಟಿಯಿಂದ ಲೀಲಾ ಕೊಟ್ಟ ಮೂರನೆಯ ಚೂರನ್ನೂ, ಅದನ್ನು ಓದದೆಯೇ, ಬೀಳ್ಕೊಟ್ಟು ಬಂದಿದ್ದಳು.

ಪುಟ್ಟತಾಯಮ್ಮ ಮೊಮ್ಮಗಳ ಜುಟ್ಟು ಹಿಡಿದು ಕೈ ಎತ್ತಿದರು. "ಬದುಕಿರೋ ಕೂಸಿನ ಎಸ್ರ ಅಲ್ಲಿ ಇಕ್ಕೀಯೇನೇ, ಮುಂಡೇದೇ!"

ಆಗ ನನ್ನ ಬೆನ್ನ ಹಿಂದಿನಿಂದ ದನಿ ಬಂತು. ಅಂಗಳಕ್ಕೆಲ್ಲ ಕೇಳಿಸುವ ದನಿ.

"ಆಕೀನ ಬಡೀಬ್ಯಾಡ್ರಿ. ಆ ಹೆಸರ ನಾನ ಬರದೀನ್ರಿ."

ಲೀಲಾ ಹೊಸಿಲ ಮೇಲೆ ನಿಂತಿದ್ದಳು. ನಾನು ಮೊದಲು ಹೆಂಗಸರ ಮುಖ ನೋಡಿದೆ. ಯಾರೂ ನಗಲಿಲ್ಲ. ಅವಳ ಮಾತಿನ ರಾಗ ಅದೇ ಇತ್ತು, ವಿಜಯಪುರದ್ದೇ. ಆದರೂ ಒಬ್ಬರೂ ನಗಲಿಲ್ಲ.

ಪುಟ್ಟತಾಯಮ್ಮನವರ ಕೈ ಇಳಿಯಿತು. "ಯಾಕವ್ವ ಮಗಳೇ? ನಿನ್ನ ಯಾರ್ ಓಗು ಅಂದ್ರು?"

"ನನ್ನ ಮಾತು ಇಲ್ಲಿ ಯಾರಿಗೂ ಬ್ಯಾಡ್ರಿ. ಅಪ್ಪ ಯುಗಾದಿಗೆ ಕಳಸ್ತಾರ. ಅದಕ್ಕ ನಾನ ಮೊದ್ಲ ಬರದೆ."

ಪುಟ್ಟತಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಲೀಲಾಳ ಕೈ ಹಿಡಿದು ಅಂಗಳ ದಾಟಿಸಿದರು. "ನಡಿ. ನೀನ್ ಬರ್ದಿದ್ನ ನೀನೇ ತಗೊಂಡ್ ಬರ್ಬೇಕು. ನನ್ ಮನೇಲಿರೋ ಕೂಸ್ನ ಊರಾಚೆ ಕಳ್ಸಕ್ಕೆ ನಾನಿನ್ನೂ ಒಪ್ಪಿಲ್ಲ ಕಣೇ." ಮೂರು ದಾರಿಗೆ ನಾವೆಲ್ಲ ಹಿಂದೆ ಹಿಂದೆ ನಡೆದೆವು. ರಹಮತ್ ಅಂಗಡಿಯ ಬಾಗಿಲು ಅರ್ಧ ಎತ್ತಿ ಬಿಟ್ಟು, ಆಯಿಶಾಳನ್ನು ಕರೆದುಕೊಂಡು ಬಂದರು. ಯಾರೂ ಮುಟ್ಟಲು ಹೆದರಿದ ಆ ಚೂರನ್ನು ಲೀಲಾ ಬಗ್ಗಿ ಎತ್ತಿಕೊಂಡಳು. ನಲ್ಲಿಯಲ್ಲಿ ತೊಳೆಸಿ, ಬಲಗಾಲು ಮುಂದಿಡಿಸಿ, ಪುಟ್ಟತಾಯಮ್ಮ ಅವಳನ್ನು ಮನೆಯೊಳಗೆ ಕರೆದುಕೊಂಡರು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಹೋದದ್ದನ್ನು ವಾಪಸು ತರುವ ಶಾಸ್ತ್ರ ಈ ಊರಿನಲ್ಲಿ ಇಲ್ಲವಂತೆ. ಅವರು ಅದನ್ನು ಅವತ್ತು ಬೆಳಿಗ್ಗೆ ನಮಗಾಗಿ ಹುಟ್ಟಿಸಿದ್ದರು.

ಯುಗಾದಿ ಬಂತು, ಹೋಯಿತು. ಯಜಮಾನರು ಆ ಮಾತನ್ನು ಮತ್ತೆ ಎತ್ತಲಿಲ್ಲ. ಗ್ರೀಕರ ಪಾಠ ಆರು ವಾರದ್ದು ಹತ್ತು ವಾರವಾಯಿತು, ಕೊನೆಯ ನಾಟಕದಲ್ಲಿ ಲೀಲಾ ಮರವಾಗಲು ಒಪ್ಪಲಿಲ್ಲ. ಜೂನಿನಲ್ಲಿ ಪವಿತ್ರಳ ಜೊತೆ ಶಾಲೆಗೆ ಹೋಗುತ್ತೇನೆ ಎಂದಿದ್ದಾಳೆ. ಎಲ್ಲ ಸರಿಹೋಯಿತು ಎಂದು ನಾನು ಬರೆಯಲಾರೆ. ಈಗಲೂ ಅಂಗಡಿಯ ಮುಂದೆ ಅವಳು ಮಾತಾಡುವ ಮೊದಲು ಒಂದು ಕ್ಷಣ ತಡೆಯುತ್ತಾಳೆ.

ಈ ಬೇಸಿಗೆ ವಿಜಯಪುರಕ್ಕೆ ಹೋಗಿದ್ದೆವು. "ಬಾರೇ, ಓಗನ ಕಣೇ" ಎಂದ ಲೀಲಾಳನ್ನು ನೋಡಿ ಅವಳ ಕಾಕಾನ ಮಕ್ಕಳು ಬಿದ್ದು ಬಿದ್ದು ನಕ್ಕರು. ಅವಳು ಅವರ ಜೊತೆ ತಾನೂ ನಕ್ಕುಬಿಟ್ಟಳು.

ಹೊಸ ಅಗ್ರಹಾರದಿಂದ ಹೊರಡುವ ದಿನ ಆಟೋ ಹತ್ತುವ ಮುಂಚೆ ಅವಳು ಪುಟ್ಟತಾಯಮ್ಮನವರನ್ನು ಕೇಳಿದ್ದಳು: "ನಾವು ಬರೂತನ ಮನಿ ನಮಗೇ ಇರ್ತೈತಲ್ರಿ?" ಅವರು ಇನ್ಯಾರಿಗೆ ಕೊಟ್ಟೇನವ್ವ ಎಂದು ಬೈದಿದ್ದರು. ತಿರುಗಿ ಬರುವ ದಿನ ವಿಜಯಪುರದ ಬಾಗಿಲಲ್ಲಿ ನಿಂತು, ಅದೇ ಪ್ರಶ್ನೆಯನ್ನು ಅಜ್ಜಿಗೂ ಕೇಳಿದಳು. ಅತ್ತೆಯವರಿಗೆ ಅರ್ಥವಾಗಲಿಲ್ಲ. "ಹುಚ್ಚಿ, ನಿಂದ ಮನಿ ಅಲ್ಲೇನು" ಎಂದು ಅವಳ ಗಲ್ಲ ಸವರಿದರು. ಎರಡೂ ಕಡೆಯಿಂದ ಮಾತು ಪಡೆದುಕೊಂಡು ಲೀಲಾ ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ನಿಶ್ಚಿಂತೆಯಿಂದ ಮಲಗಿದಳು. ನನಗೂ ಅದನ್ನೇ ಕೇಳಬೇಕಿತ್ತು, ಇಬ್ಬರನ್ನೂ. ಎರಡು ಬಾಗಿಲಲ್ಲೂ ನಿಂತಿದ್ದೆ, ಎರಡರಲ್ಲೂ ನನಗೆ ಬಾಯಿ ಬರಲಿಲ್ಲ.