ಗೌರಾಬಾಯಿಯ ನಾಮಪತ್ರ

ಶಾಲಿನಿಯನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಹೊರಟಿರುವುದು ಗೌರಾಬಾಯಿಯ ಕಥೆ, ಆದರೆ ಶಾಲಿನಿಯನ್ನು ಬೈಯದೆ ಅದನ್ನು ಹೇಳಲು ನನ್ನಿಂದಾಗದು.

ಗೌರಾಬಾಯಿ ಜಮಖಂಡಿ ಕಡೆಯವರು. ಮದುವೆಯಾಗಿ ಪುಣೆಗೆ ಬಂದು ಮೂವತ್ತೆರಡು ವರ್ಷವಾಯಿತು. ಗಂಡ ಬಸವಲಿಂಗ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು, ತೀರಿಕೊಂಡು ಒಂಬತ್ತು ವರ್ಷ. ಧನಕವಡಿಯ ನಮ್ಮ ಗಲ್ಲಿಗೆ ದಿನ ಬಿಟ್ಟು ದಿನವಾದರೂ ನೀರು ಬರುತ್ತಿದೆಯೆಂದರೆ ಅದು ಈ ಹೆಂಗಸಿನ ಬಾಯಿಯ ಪ್ರತಾಪ. ಪಾಲಿಕೆಯ ಕಚೇರಿಯಲ್ಲಿ ಸಾಹೇಬರ ಟೇಬಲ್ಲಿನ ಮೇಲೆ ಖಾಲಿ ಕೊಡ ಇಟ್ಟು, "ಇದು ತುಂಬೂತನಾ ನಾ ಏಳೂದಿಲ್ರಿ" ಎಂದು ಕೂತವರು. ಮೆತ್ತಗಿನ ಸ್ವಭಾವವೇನಲ್ಲ. ನನಗೂ ಎಷ್ಟೋ ಸಲ ನಾಲ್ಕು ಜನರ ಎದುರು ಮುಖಕ್ಕೆ ಹೊಡೆದಂತೆ ಮಾತಾಡಿದ್ದಾರೆ.

ಏಳು ವರ್ಷದ ಹಿಂದೆ ಅವರೇ ಓಡಾಡಿ ಕಟ್ಟಿದ್ದು ನಮ್ಮ ಮಹಿಳಾ ವೇದಿಕೆ. ಪುಣೆ, ಭೋರ್, ಲೋಣಾವಳಾ, ಅತ್ತ ಬೆಳಗಾವಿಯ ಹೆಂಗಸರೂ ಅದರಲ್ಲಿದ್ದರು. ಒಂದು ಊರಿನಲ್ಲಿ ಹೆಂಗಸು ಚುನಾವಣೆಗೆ ನಿಂತರೆ ಉಳಿದ ಊರಿನವರು ಬಂದು ಮನೆಮನೆ ತಿರುಗಬೇಕು, ಇಷ್ಟೇ ಒಪ್ಪಂದ. ಭೋರಿನಲ್ಲಿ ಒಬ್ಬಳನ್ನು ಗೆಲ್ಲಿಸಲು ಗೌರಾಬಾಯಿ ಹನ್ನೆರಡು ದಿನ ಅಲ್ಲೇ ಉಳಿದು, ನಾಯಿಯಿಂದ ಕಚ್ಚಿಸಿಕೊಂಡು ಬಂದರು. ಈ ಸಲ ನಮ್ಮ ವಾರ್ಡಿನಲ್ಲಿ ಒಂದು ಸೀಟು ಹೆಂಗಸರಿಗೆ ಮೀಸಲಾಯಿತು. ಯಾರು ನಿಲ್ಲಬೇಕೆಂದು ಕೇಳುವುದೇನಿತ್ತು?

ಕೇಳಿದವಳು ವೇದಿಕೆಯ ಅಧ್ಯಕ್ಷೆ ಶಾಲಿನಿ. ಮಾರ್ಗಶೀರ್ಷದ ಕೊನೆಯ ಗುರುವಾರ ಅರಿಶಿನ ಕುಂಕುಮ ಇಟ್ಟುಕೊಂಡು ಅಲ್ಲೇ ಅಭ್ಯರ್ಥಿಯ ಹೆಸರು ಹೇಳೋಣ ಎಂದಳು. ಬಂದವರಿಗೆಲ್ಲ ಅಭ್ಯರ್ಥಿಯೇ ಕುಂಕುಮ ಹಚ್ಚುವುದು; ಇಲ್ಲಿ ಹೆಂಗಸರ ಪ್ರಚಾರ ಶುರುವಾಗುವುದೇ ಹಾಗೆ. ವಿಧವೆ ಹಚ್ಚಲು ಬಂದರೆ ಯಾರು ಹಣೆ ಒಡ್ಡುತ್ತಾರೆ? ಅದು ಶಾಲಿನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮಾಡಿದಳು.

"ತಪ್ಪು ತಿಳಕೋಬ್ಯಾಡ್ರಿ ಗೌರಾಬಾಯಿ," ಎಂದಳು, ಎಲ್ಲರ ಎದುರು, ಜೇನಿನಂಥ ದನಿಯಲ್ಲಿ. "ನಾವೇನು ಅಂಥಾದ್ದೆಲ್ಲಾ ನಂಬೂದಿಲ್ಲ. ಆದ್ರ ಮಂದಿ ನಂಬ್ತಾರ. ನೀವು ಹಿಂದ ನಿಂತು ದಾರಿ ತೋರಿಸ್ರಿ."

ಆಮೇಲೆ ಹೇಳಿದ ಹೆಸರು ಸ್ನೇಹಲ್‌ಳದು. ಶಾಲಿನಿಯ ಸ್ವಂತ ಸೊಸೆ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ನಮ್ಮ ವಾರ್ಡು ಎಲ್ಲಿ ಮುಗಿಯುತ್ತದೆಂದೂ ಆ ಹುಡುಗಿಗೆ ತಿಳಿಯದು.

"ಕೊಡ ಹೊರೂವಾಗ ನನ್ನ ಹಣಿ ಯಾರೂ ನೋಡ್ಲಿಲ್ಲಲ್ಲ, ಶಾಲಿನಿ," ಎಂದು ಗೌರಾಬಾಯಿ ಎದ್ದು ಚಪ್ಪಲಿ ಮೆಟ್ಟಿದರು. ನಾಲ್ಕು ಊರಿನ ನಲವತ್ತು ಹೆಂಗಸರು ಕೂತಿದ್ದೆವು. ಅವರ ಹಿಂದೆ ಯಾರೂ ಏಳಲಿಲ್ಲ. ನಾನು ಮನೆಗೆ ಬಂದು ಶಾಲಿನಿಗೆ ಬಾಯಿ ತುಂಬ ಬೈದೆ, ಅಡುಗೆಮನೆಯ ಗೋಡೆಗೆ ಕೇಳಿಸುವಷ್ಟು.

ನಾಮಪತ್ರದ ಕೊನೆಯ ದಿನ, ಮಧ್ಯಾಹ್ನ ಒಂದೂವರೆಗೆ, ಗೌರಾಬಾಯಿ ನಮ್ಮ ಬಾಗಿಲಿಗೆ ಬಂದರು. ಪಕ್ಷೇತರರಾಗಿ ನಿಲ್ಲಲು ಕಾಗದವೆಲ್ಲ ತುಂಬಿ ತಂದಿದ್ದರು. ಅನುಮೋದಕರ ಜಾಗದಲ್ಲಿ ಹಿಟ್ಟಿನ ಗಿರಣಿಯ ಏಕನಾಥ ಸಹಿ ಹಾಕಿದ್ದ. ಸೂಚಕರ ಜಾಗ ಖಾಲಿ. ಅಲ್ಲಿ ಹೆಂಗಸಿನ ಹೆಸರೇ ಇರಬೇಕೆಂದು ಅವರ ಹಟ. ಭೋರಿನಲ್ಲಿ ಗೆದ್ದವಳು ಫೋನಿನಲ್ಲಿ ಅತ್ತು, "ನಾನೇ ಹಾಕುತ್ತಿದ್ದೆ" ಅಂದಳಂತೆ. ಸಹಿ ಹಾಕುವವರು ನಮ್ಮ ವಾರ್ಡಿನ ಮತದಾರರೇ ಆಗಿರಬೇಕು, ಅದು ಗೊತ್ತಿದ್ದಾಗ ಹಾಗೆ ಅನ್ನುವುದಕ್ಕೆ ಏನು ಖರ್ಚು?

"ತ್ರಿವೇಣಿ, ಐದು ಮನಿ ಮುಗಿಸಿ ನಿನ್ನ ಕಡೆ ಬಂದೀನಿ," ಎಂದರು. "ಮೂರಕ್ಕ ಕಿಟಕಿ ಮುಚ್ಚತಾರ. ಇಲ್ಲೊಂದು ಸಹಿ ಮಾಡು."

ಪೆನ್ನು ತೆಗೆದುಕೊಂಡೆ. ನನ್ನ ಬಾಯಿಂದ ಬಂದದ್ದು ಇಷ್ಟು: "ಒಂದು ಮಾತು ಇವರನ್ನ ಕೇಳಿ ಮಾಡ್ತೀನಿ, ಗೌರಕ್ಕ."

"ಐದೂ ಮನ್ಯಾಗ ಇದ ಹೇಳಿದ್ರು," ಎಂದರು. ಬೈಯಲಿಲ್ಲ. ಪೆನ್ನನ್ನು ನನ್ನ ಬೆರಳಿನಿಂದ ಬಿಡಿಸಿಕೊಂಡು ಮೆಟ್ಟಿಲಿಳಿದರು.

ನನ್ನ ಗಂಡ ಶಿವರುದ್ರಪ್ಪ ಅಂದು ಆಫೀಸಿನ ಕೆಲಸಕ್ಕೆ ಲೋಣಾವಳಾಕ್ಕೆ ಹೋಗಿದ್ದರು. ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಸೂಚಕರ ಜಾಗ ಖಾಲಿಯಿದ್ದಂತೆಯೇ ಮೂರು ಹೊಡೆಯಿತು. ಸಂಜೆ ಆರೂವರೆಗೆ ಬಂದರು. ಶೂ ಬಿಚ್ಚುತ್ತಲೇ ಎಲ್ಲವನ್ನೂ ಕೇಳಿಸಿಕೊಂಡು, "ಮಾಡಬೇಕಿತ್ತು," ಎಂದರು. "ಅದಕ್ಕ ನನ್ನ ಕೇಳೂದೇನಿತ್ತು?"

ಅವರು ಬೇಡವೆನ್ನುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ.