ಒಂದು ಹಲ್ಲು ಹಿಂದಕ್ಕೆ

ನಾನು ಚಿಕ್ಕವನಿದ್ದಾಗ ನಾವು ನ್ಯೂಜೆರ್ಸಿಯ ಪ್ಲೇನ್ಸ್‌ಬರೋದಲ್ಲಿ ಎರಡನೇ ಮಹಡಿಯ ಅಪಾರ್ಟ್‌ಮೆಂಟಿನಲ್ಲಿದ್ದೆವು. ಕಂಪ್ಯೂಟರ್ ಕೆಲಸಕ್ಕೆಂದು ಮೈಸೂರು, ಬೆಂಗಳೂರಿನವರು ಗುಂಪುಗುಂಪಾಗಿ ಬರುತ್ತಿದ್ದ ಕಾಲ ಅದು. ಸಂಜೆ ಮೆಟ್ಟಿಲು ಹತ್ತಿದರೆ ಒಂದೊಂದು ಬಾಗಿಲಿನಿಂದ ಒಂದೊಂದು ಒಗ್ಗರಣೆಯ ವಾಸನೆ. ಅಪ್ಪ ದಿನವೂ ಟ್ರೇನಿನಲ್ಲಿ ಮ್ಯಾನ್‌ಹಟನ್ನಿಗೆ ಹೋಗಿಬರುತ್ತಿದ್ದರು. ಮಕ್ಕಳೇ, ನಾನು ಇವತ್ತು ಹೇಳುವುದು ಜಂಬದ ಕಥೆಯಲ್ಲ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಐದನೇ ಕ್ಲಾಸಿನಲ್ಲಿ ಯಾರಾದರೊಬ್ಬ ಕುಶಲಕರ್ಮಿಯ ಬಗ್ಗೆ ಪ್ರಾಜೆಕ್ಟ್ ಮಾಡಬೇಕಿತ್ತು. ನಾನು ಆರಿಸಿದ್ದು ಫ್ರಾನ್ಸಿನ ಒಬ್ಬ ಗಡಿಯಾರ ಮಾಡುವವನನ್ನು. ಅವನು ಹುಡುಗನಾಗಿದ್ದಾಗ ಊರಿನ ದೊಡ್ಡ ಚರ್ಚಿನ ಗಡಿಯಾರ ಕೆಟ್ಟು ನಿಂತಿತ್ತಂತೆ. ಸೂರ್ಯ, ಚಂದ್ರ, ಗ್ರಹಗಳ ಓಡಾಟವನ್ನೆಲ್ಲ ತೋರಿಸುವ ಗಡಿಯಾರ ಅದು. ತಾನೇ ಅದನ್ನು ನಡೆಸಬೇಕೆಂದು ಹಟ ಹಿಡಿದು, ಗಣಿತವನ್ನು ತಾನೇ ಕಲಿತು, ಕೂದಲು ನೆರೆಯುವ ತನಕ ಕಾದು, ಕೊನೆಗೂ ಹೊಸದಾಗಿ ಮಾಡಿ ನಡೆಸಿದ.

ಅಪ್ಪನಿಗೆ ಈ ಮನುಷ್ಯ ಬಹಳ ಹಿಡಿಸಿಬಿಟ್ಟ. ಎರಡು ಶನಿವಾರ ಪೂರ್ತಿ ನೆಲದ ಮೇಲೆ ಕೂತು, ಆ ಗಡಿಯಾರದ ಮಾದರಿಗೆಂದು ಬೆಳಗಿನ ತಿಂಡಿಯ ಸೀರಿಯಲ್ ಡಬ್ಬಿಯ ರಟ್ಟು ಕತ್ತರಿಸಿ ಹಲ್ಲಿನ ಚಕ್ರಗಳನ್ನು ಮಾಡಿದರು. ಮನೆಯೆಲ್ಲ ಅಂಟಿನ ವಾಸನೆ. ನಾನು ಬಣ್ಣ ಹಚ್ಚಿದೆ, ಅಷ್ಟೇ. ಕೊನೆಯಲ್ಲಿ ಹುಣ್ಣಿಮೆ ತೋರಿಸುವ ಮುಳ್ಳನ್ನು ಕೂರಿಸುವ ಕೆಲಸ ನನಗೆ ಬಿಟ್ಟರು. ಒಂದು ಹಲ್ಲಿಗೆ ಒಂದು ದಿನ.

“ಅಡುಗೆಮನೆ ಕ್ಯಾಲೆಂಡರ್ ಮೈಸೂರಿಂದು ಕಣೋ. ಅಲ್ಲಿ ಶುಕ್ರವಾರ ಬೆಳಗ್ಗೆ ಹುಣ್ಣಿಮೆ ಅಂದ್ರೆ ನಮಗೆ ಗುರುವಾರ ಸಂಜೆ. ಒಂದು ಹಲ್ಲು ಹಿಂದಕ್ಕೆ ತಿರುಗಿಸು, ಮರೀಬೇಡ” ಅಂದರು. ನಾನು ಹೂಂಗುಟ್ಟಿದೆ. ಟಿವಿ ನೋಡುವ ಅವಸರದಲ್ಲಿ ಶುಕ್ರವಾರಕ್ಕೇ ಕೂರಿಸಿ ಎದ್ದುಹೋದೆ.

ಗುರುವಾರ ಪ್ರದರ್ಶನ. ಅಪ್ಪ ಅರ್ಧ ದಿನ ರಜ ಹಾಕಿ, ಇಸ್ತ್ರಿ ಮಾಡಿದ ಷರಟು ತೊಟ್ಟು ಬಂದು ಹಿಂದೆ ನಿಂತರು. ಟೀಚರ್ ಚಕ್ರಗಳನ್ನು ತಿರುಗಿಸಿ ನೋಡಿ, ಇದೆಲ್ಲ ನೀನೇ ಮಾಡಿದೆಯಾ ಎಂದು ಕೇಳಿದರು. “ಯೆಸ್, ಆಲ್ ಬೈ ಮೈಸೆಲ್ಫ್” ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಪ್ಪನೂ ತಟ್ಟಿದರು.

ಆಮೇಲೆ ಟೀಚರ್ ಗೋಡೆಯ ಕ್ಯಾಲೆಂಡರ್ ನೋಡಿ, ಹುಣ್ಣಿಮೆ ಇವತ್ತಲ್ಲವೇ, ನಿನ್ನ ಮುಳ್ಳು ನಾಳೆಗೆ ತೋರಿಸುತ್ತಿದೆಯಲ್ಲ ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಹಾಳು ನಾಲಗೆ ಥಟ್ಟನೆ, “ಮೈ ಡ್ಯಾಡ್ ಡಿಡ್ ದಟ್ ಪಾರ್ಟ್” ಅಂದುಬಿಟ್ಟಿತು.

ಅಪ್ಪ ಒಂದು ಸಲ ನನ್ನ ಮುಖ ನೋಡಿದರು. ಮುಂದೆ ಬಂದು, “ಸಾರಿ ಮ್ಯಾಮ್, ಮೈ ಮಿಸ್ಟೇಕ್” ಅಂದರು. ಇಂಡಿಯಾ ಸಮಯವನ್ನು ಇಲ್ಲಿಗೆ ಬದಲಾಯಿಸುವುದು ಮರೆತೆ ಎಂದು ವಿವರಿಸಿದರು. ಯಾರೋ ಒಬ್ಬ ಹುಡುಗ ಕಿಸಕ್ಕನೆ ನಕ್ಕ.

ವಾಪಸು ಬರುವಾಗ ಕಾರಿನಲ್ಲಿ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. “ಹಸಿವಾಯ್ತೇನೋ?” ಎಂದು ಕೇಳಿದರು, ಅಷ್ಟೇ.

ಈಗ ನಿಮ್ಮ ಫೋನಿಗೆ ಎಲ್ಲ ಊರಿನ ಹುಣ್ಣಿಮೆಯೂ ಗೊತ್ತು. ಎಂಥ ಚಕ್ರ ಬೇಕೆಂದರೂ ಮೆಷಿನ್ನೇ ಮಾಡಿಕೊಡುತ್ತದೆ. ಅಪ್ಪಂದಿರು ಮಂಡಿಯೂರಿ ರಟ್ಟು ಕತ್ತರಿಸಬೇಕಿಲ್ಲ. ನಿಮ್ಮ ಅಪ್ಪ ಪಕ್ಕದ ಕೋಣೆಯಲ್ಲೇ ಇದ್ದಾನೆ, ಕೂಗಿದರೆ ಬರುತ್ತಾನೆ. ನನ್ನ ಅಪ್ಪನೂ ಎಷ್ಟೋ ವರ್ಷ ಹಾಗೇ ಇದ್ದರು. ನಾಳೆ ಹೇಳಿದರಾಯಿತು ಎಂದುಕೊಂಡೇ ಇದ್ದೆ. ತಪ್ಪು ನನ್ನದೆಂದು ಅವರಿಗೆ ಅವತ್ತೇ ಗೊತ್ತಿತ್ತು. ನನ್ನ ಬಾಯಿಂದ ಒಮ್ಮೆ ಕೇಳಬೇಕಿತ್ತು, ಕೇಳದೆಯೇ ಹೋದರು.